ಚರಗ ಚೆಲ್ಲುವವರೆಗೆ

ಈಗ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ತಿದ್ದಿಕೊಂಡದ್ದು ಎಂಬುದು ನನಗೆ ಖಚಿತವಿಲ್ಲ. ೧೯೭೧ರ ಡಿಸೆಂಬರಿನಲ್ಲಿ ನಾನು ಅಫಜಲಪುರ ತಾಲ್ಲೂಕು ಕಚೇರಿಯಲ್ಲಿ ಆಹಾರ ನಿರೀಕ್ಷಕನಾಗಿದ್ದೆ, ಎಂ.ಎ. ಮುಗಿಸಿ ಬಂದು ಆರು ತಿಂಗಳಾಗಿತ್ತು. ಇಷ್ಟರಲ್ಲಿ ಸಂಶಯವಿಲ್ಲ.

ಯುದ್ಧ ಶುರುವಾದ ಮೊದಲ ವಾರವೇ ಶಾಂತಾಬಾಯಿ ಎಂಬವರು ಬಂದರು. ಅವರ ಗಂಡ ಪಶ್ಚಿಮ ಗಡಿಯಲ್ಲಿ ಹವಾಲ್ದಾರ. ಲಡಾಯಿ ಹತ್ತಿದರೆ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ, ಆಳಂದ ತಾಲ್ಲೂಕಿನ ಖಜೂರಿಗೆ ಹೋಗು ಎಂದು ಬರೆದಿದ್ದರು. ರೇಶನ್ ಕಾರ್ಡ್ ಅಲ್ಲಿಗೆ ವರ್ಗವಾಗಬೇಕಿತ್ತು. ಇಲ್ಲಿಯ ಕಾರ್ಡು ರದ್ದಾಗಿದೆ ಎಂದು ನಾವು ಕೊಡುವ ಚೀಟಿಗೆ ಸರೆಂಡರ್ ಸರ್ಟಿಫಿಕೇಟ್ ಎನ್ನುತ್ತಿದ್ದೆವು. ಅದನ್ನು ತೋರಿಸಿದರೆ ಮಾತ್ರ ಅಲ್ಲಿ ಸಕ್ಕರೆ, ಸೀಮೆಎಣ್ಣೆ ಸಿಗುತ್ತಿತ್ತು. ಸೈನಿಕರ ಮನೆಯವರೆಂದು ಅಂದೇ ಕಾರ್ಡು ರದ್ದುಮಾಡಿ ಚೀಟಿ ಕೊಟ್ಟೆ. ನನ್ನ ಚುರುಕುತನಕ್ಕೆ ನಾನೇ ಮೆಚ್ಚಿಕೊಂಡೆ.

ವಾರದ ಮೇಲೆ ಅವರು ಖಾಲಿ ಡಬ್ಬಿ ಹಿಡಿದು ಮತ್ತೆ ಬಂದರು. ಊರು ಬಿಟ್ಟಿರಲೇ ಇಲ್ಲ. ಕಾರ್ಡಿಲ್ಲವೆಂದು ಅಂಗಡಿಯವನು ಎಣ್ಣೆ ಕೊಟ್ಟಿರಲಿಲ್ಲ. ಮನೆಯಲ್ಲಿ ಮೂರು ದಿನದಿಂದ ದೀಪವಿರಲಿಲ್ಲ.

“ಇನ್ನೂ ಯಾಕ ಹೋಗಿಲ್ರಿ?” ಎಂದೆ.

“ಚರಗ ಚೆಲ್ಲದ ಹೆಂಗ ಹೋಗ್ಲಿರಿ, ಸಾಹೇಬ್ರ?”

ಎಳ್ಳಮಾವಾಸ್ಯೆಯ ದಿನ ಹೊಲದ ಸುತ್ತ ಅಡುಗೆ ಚೆಲ್ಲಿ ಪೈರಿಗೆ ಉಣಿಸುವುದೇ ಚರಗ.

“ಲಡಾಯಿ ನಡದಾಗ ಎಂಥ ಚರಗ್ರಿ?”

“ಲಡಾಯಿ ಸರ್ಕಾರದ್ದು, ಹೊಲ ನಮ್ದು. ಅವರಿದ್ದಿದ್ರ ಅವರ ಚೆಲ್ತಿದ್ರು. ಅವರ ಜೋಳ ಉಪವಾಸ ಕೆಡವಿ ನಾ ಹೋಗಂಗಿಲ್ರಿ.”

ಪಕ್ಕದ ಮೇಜಿನ ಹಿರಿಯ ಗುಮಾಸ್ತ ಮೈನುದ್ದೀನ್ ತಲೆಯೆತ್ತದೆ ಹೇಳಿದರು: “ಸಾಹೇಬ್ರು ಎಂ.ಎ. ಓದ್ಯಾರ ಖರೆ, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದಿಲ್ಲ ನೋಡ್ರಿ.”

ಚೀಟಿಯ ತಾರೀಖು ಹೊಡೆದು, ಅಮಾವಾಸ್ಯೆಯ ಮರುದಿನದಿಂದ ರದ್ದು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ತಕ್ಷಣ ಹಾಕಿದೆ ಎಂದು ನನ್ನ ನೆನಪು. ನಾನು ನಿಯಮದ ಪುಸ್ತಕ ತಿರುವುತ್ತ ಅರ್ಧ ತಾಸು ಕುಳಿತೆನೆಂದೂ, ಪೆನ್ನು ಕೈಗಿತ್ತವರು ತಾವೆಂದೂ ಮೈನುದ್ದೀನ್ ಕೊನೆಯವರೆಗೂ ಹೇಳುತ್ತಿದ್ದರು. ಅವರ ಮಾತೇ ನಿಜವಿರಬಹುದು. ತಿದ್ದಿದ ಚೀಟಿ ತೋರಿಸಿದ ಮೇಲೆ ಶಾಂತಾಬಾಯಿಗೆ ಅಂದೇ ನಾಲ್ಕು ಲೀಟರ್ ಎಣ್ಣೆ ಸಿಕ್ಕಿತು. ಚರಗ ಚೆಲ್ಲಿದ ಮರುದಿನ ಅವರ ಅಣ್ಣನ ಲಾರಿ ಬಂದು ಅವರನ್ನೂ ಮಕ್ಕಳನ್ನೂ ಸಾಮಾನನ್ನೂ ಖಜೂರಿಗೆ ಒಯ್ದಿತು. ಬೇಸಿಗೆಯಲ್ಲಿ ಕಾರ್ಡನ್ನು ಮರಳಿ ಅಫಜಲಪುರಕ್ಕೆ ಬರೆಸಲು ಬಂದವರು ಹವಾಲ್ದಾರರೇ.

ಆಮೇಲಿನ ಸೇವೆಯಲ್ಲಿ “ಯಾವಾಗ ಹೊಂಟೀರಿ?” ಎಂದು ಕೇಳದೆ ನಾನು ಯಾರ ಕಾರ್ಡನ್ನೂ ರದ್ದುಮಾಡಲಿಲ್ಲ.

ನಿವೃತ್ತಿಯ ನಂತರ ಹಳೆಯ ಪಂಚಾಂಗ ಹುಡುಕಿ ಒಂದು ಸಂಗತಿಯನ್ನಷ್ಟೇ ಖಚಿತಪಡಿಸಿಕೊಂಡೆ. ಆ ವರ್ಷ ಎಳ್ಳಮಾವಾಸ್ಯೆ ಬಂದದ್ದು ಡಿಸೆಂಬರ್ ೧೭, ಶುಕ್ರವಾರ. ಪಶ್ಚಿಮ ಗಡಿಯಲ್ಲಿ ಗುಂಡು ನಿಂತದ್ದೂ ಅದೇ ದಿನ.