ಜೆರಿಲಿನ್ ಡೂಡೆಕ್‌ಳ ಹದಿನೇಳು ವರ್ಷದ ಎಫ್

ನಮ್ಮ ಕ್ಲಿನಿಕ್ಕಿನಲ್ಲಿ ದಿನಕ್ಕೆ ನೂರ ನಲವತ್ತು ಟವೆಲ್ ಒಗೆತಕ್ಕೆ ಬೀಳುತ್ತವೆ. ಅಷ್ಟನ್ನೂ ಹನ್ನೊಂದು ವರ್ಷದಿಂದ ಒಗೆದು, ಒಣಗಿಸಿ, ಮೂರು ಮಡಿಕೆ ಹಾಕಿ ಪೇರಿಸುತ್ತ ಬಂದವಳು ಜೆರಿಲಿನ್ ಡೂಡೆಕ್. ಈರಿ ಸರೋವರದ ಈ ದಡದಲ್ಲಿ ಮಂಡಿ ಬದಲಾಯಿಸಿಕೊಂಡವರು, ಸೊಂಟ ಮುರಿದುಕೊಂಡವರು, ಪಾರ್ಶ್ವವಾಯು ಹೊಡೆದವರು ಯಾರೇ ಬರಲಿ, ಮೊದಲು ಕೈ ಹಿಡಿಯುವವಳು ಅವಳು. ಹೆಸರಿಗೆ ಸಹಾಯಕಿ. ರೋಗಿಯ ಕಾಲನ್ನು ಎತ್ತಿ ಹಿಡಿಯಬಹುದು, ಎಣಿಸಬಹುದು, ಹುರಿದುಂಬಿಸಬಹುದು. ಚಿಕಿತ್ಸೆ ಏನೆಂದು ಹೇಳುವಂತಿಲ್ಲ. ಅದಕ್ಕೆ ಮೂರು ವರ್ಷದ ಫಿಸಿಯೋಥೆರಪಿ ಶಾಲೆಗೆ ಹೋಗಿ ಡಾಕ್ಟರ್ ಎನ್ನಿಸಿಕೊಂಡು ಬರಬೇಕು.

ಆ ಶಾಲೆಯ ಕೋಟೆಯನ್ನು ಗೆಲ್ಲಬೇಕೆಂದು ಜೆರಿ ಹೊರಟದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಸೈನ್ಯವಿಲ್ಲ, ಕುದುರೆಯಿಲ್ಲ. ಇದ್ದದ್ದು ಐದು ವರ್ಷದ ಮಗಳು ಮ್ಯಾಲರಿ ಮತ್ತು ಎಡಗಡೆಯ ಬಾಗಿಲು ತೆರೆಯದ ಒಂದು ಕಾರು. ಒಂಬತ್ತು ವರ್ಷ ಸಂಜೆ ಕಾಲೇಜಿಗೆ ಹೋಗಿ, ಶಾಲೆಯವರು ಮೊದಲೇ ಓದಿ ಮುಗಿಸಿರಬೇಕು ಎನ್ನುವ ಹತ್ತು ವಿಷಯಗಳನ್ನೂ ಮುಗಿಸಿದಳು. ಜೀವಶಾಸ್ತ್ರ ಎರಡು, ರಸಾಯನ ಎರಡು, ಭೌತ ಎರಡು, ಅಂಗರಚನೆ ಎರಡು, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ. ಸರಾಸರಿ ನಾಲ್ಕಕ್ಕೆ ಮೂರೂವರೆ. ಶಾಲೆ ಕೇಳುವುದು ಮೂರು. ಕಳೆದ ಮೇ ತಿಂಗಳಲ್ಲಿ ಅವಳು ಒಗೆತದ ಕೋಣೆಯಲ್ಲಿ ಸೀಟಿ ಹೊಡೆಯುತ್ತಿದ್ದಳು.

ನಮ್ಮ ಯಜಮಾನಿ ಹೈಡಿ ಪ್ರೀಬ್ ಅದೇ ಶಾಲೆಯಲ್ಲಿ ಓದಿ ಬಂದವಳು, ಜೆರಿಗಿಂತ ಐದು ವರ್ಷ ಚಿಕ್ಕವಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳೇ ಕೇಳಿದಳು. "ಜೆರಿ, ನೀನು ಮೊದಲನೇ ಸಲ ತಗೊಂಡ ಗ್ರೇಡುಗಳನ್ನೂ ಸೇರಿಸಿ ಲೆಕ್ಕ ಹಾಕಿದೀಯ ತಾನೇ?"

"ಅವು ಹೋದವಲ್ಲ. ಕಾಲೇಜಿನೋರೇ ತೆಗೆದುಹಾಕಿದ್ರು. ಮತ್ತೆ ಓದಿದ್ಮೇಲೆ ಹೊಸದೇ ಲೆಕ್ಕಕ್ಕೆ ಅಂತ ಪತ್ರ ಕೊಟ್ಟಿದಾರೆ."

ಹೈಡಿಯ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ಅದು ಕಾಲೇಜಿನ ಲೆಕ್ಕ. ಅರ್ಜಿ ಹೋಗೋದು ಕಾಲೇಜಿಗಲ್ಲ."

ಆ ಹಳೆಯ ಗ್ರೇಡುಗಳ ಕಥೆ ಹೇಳಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜೆರಿ ರಾತ್ರಿಪಾಳಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುತ್ತ ಬೆಳಿಗ್ಗೆ ಕಾಲೇಜಿಗೆ ಹೋಗುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಅಂಗರಚನೆಯ ತರಗತಿಯನ್ನು ಪೂರ್ತಿ ನಿದ್ದೆಯಲ್ಲಿ ಮುಗಿಸಿ ಡಿ ತೆಗೆದಳು. ಎರಡನೆಯದರಲ್ಲಿ, ಫೆಬ್ರವರಿಯ ಹಿಮದಲ್ಲಿ, ಕಾಲೇಜಿನ ದಿಬ್ಬ ಹತ್ತುವಾಗ ಕಾರಿನ ಗೇರ್‌ಬಾಕ್ಸ್ ಪ್ರಾಣಬಿಟ್ಟಿತು. ಮರುದಿನದಿಂದ ರಸಾಯನದ ತರಗತಿಗೆ ಹೋಗಲಿಲ್ಲ. ಹೋಗದಿದ್ದರೆ ಬಿಟ್ಟಂತೆಯೇ ಎಂದುಕೊಂಡಳು. ಡೋನಟ್ ಅಂಗಡಿಯ ಕೆಲಸವನ್ನು ಹಾಗೆಯೇ ಬಿಟ್ಟಿದ್ದಳು, ಒಬ್ಬ ಪ್ರಿಯಕರನನ್ನೂ ಹಾಗೆಯೇ ಬಿಟ್ಟಿದ್ದಳು, ಯಾರೂ ತಕರಾರು ತೆಗೆದಿರಲಿಲ್ಲ. ಕಾಲೇಜಿನಲ್ಲಿ ಬಿಡುವುದಕ್ಕೂ ಒಂದು ಅರ್ಜಿ ತುಂಬಬೇಕು. ತುಂಬದ ಕಾರಣ ಅವಳ ಹೆಸರೊಂದೇ ಮೇ ತಿಂಗಳವರೆಗೆ ಬೆಂಚಿನ ಮೇಲೆ ಕೂತು, ಎಲ್ಲ ಪರೀಕ್ಷೆಗಳಲ್ಲೂ ನಿಷ್ಠೆಯಿಂದ ಸೊನ್ನೆ ತೆಗೆದು, ಕೊನೆಗೆ ಎಫ್ ಗಳಿಸಿತು.

ಎಂಟು ವರ್ಷದ ನಂತರ ಎರಡನ್ನೂ ಮತ್ತೆ ಓದಿ ಎರಡರಲ್ಲೂ ಎ ತೆಗೆದಳು. ಕಾಲೇಜು ಮರೆತುಬಿಟ್ಟಿತು. ಆದರೆ ಫಿಸಿಯೋಥೆರಪಿ ಶಾಲೆಗಳ ಅರ್ಜಿಗಳನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುವ ಕಚೇರಿಯೊಂದಿದೆ. ಅಲ್ಲಿಯವರು ಪ್ರತಿ ವಿದ್ಯಾರ್ಥಿಯ ಪ್ರತಿ ಗ್ರೇಡನ್ನೂ ಗೋರಿಯಿಂದ ಎಬ್ಬಿಸಿ ಸಾಲಾಗಿ ನಿಲ್ಲಿಸುತ್ತಾರೆ. ಆಮೇಲೆ ಒಂದೊಂದು ಶಾಲೆಗೆ ಒಂದೊಂದು ಧರ್ಮ. ಒಂದು ಶಾಲೆ ಒಳ್ಳೆಯದನ್ನಷ್ಟೇ ನೋಡುತ್ತದೆ, ಇನ್ನೊಂದು ಕೊನೆಯದನ್ನು. ನಮ್ಮ ಹತ್ತಿರದ ಶಾಲೆ ಎಲ್ಲವನ್ನೂ ಕೂಡಿ ಭಾಗಿಸುತ್ತದೆ. ಸಾಲದ್ದಕ್ಕೆ, ಹತ್ತು ವರ್ಷ ದಾಟಿದ ಪಾಠ ಅಲ್ಲಿ ಹಾಲಿನಂತೆ ಹಳಸುತ್ತದೆ, ಮತ್ತೆ ಓದಬೇಕು. ಎಫ್ ಮಾತ್ರ ಉಪ್ಪಿನಕಾಯಿ, ಎಷ್ಟು ವರ್ಷವಾದರೂ ಕೆಡುವುದಿಲ್ಲ.

ಹೈಡಿ, ವಿಜ್ಞಾನಕ್ಕೆ ನಾಲ್ಕು ಪಾಲು, ಉಳಿದೆರಡಕ್ಕೆ ಮೂರು ಪಾಲು ಎಂದು ವ್ಯಾಯಾಮದ ಚೀಟಿಯ ಹಿಂದೆ ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು. ಎರಡು ಪಾಯಿಂಟ್ ಒಂಬತ್ತು ಎಂಟು.

"ಮೂರೇ ಅಂತಾರೆ ಬಿಡು," ಎಂದೆ ನಾನು. ನಾನು ಸ್ವಾಗತದ ಮೇಜಿನಲ್ಲಿ ಫೋನ್ ಎತ್ತುವವಳು. ಲೆಕ್ಕದಲ್ಲಿ ನನ್ನದು ಉದಾರ ಮನಸ್ಸು.

"ಅನ್ನಲ್ಲ ಕಾನಿ. ಮೂರಕ್ಕಿಂತ ಕಮ್ಮಿ ಇದ್ರೆ ಕಂಪ್ಯೂಟರೇ ತಳ್ಳಿಬಿಡುತ್ತೆ. ಮನುಷ್ಯರ ಕಣ್ಣಿಗೆ ಬೀಳೋದೇ ಇಲ್ಲ."

"ಒಳ್ಳೆಯದನ್ನಷ್ಟೇ ನೋಡೋ ಶಾಲೆಗೆ ಹಾಕಬಾರದಾ?" ಎಂದು ಕೇಳಿದೆ.

ಜೆರಿ ನಕ್ಕಳು. "ಅದಿರೋದು ದೇಶದ ಆ ಕಡೆ, ಮೊಂಟಾನಾದಲ್ಲಿ. ಮ್ಯಾಲರಿನ ಅರವತ್ತು ಮೈಲಿ ಆಚೆ ಕರ್ಕೊಂಡು ಹೋಗ್ಬಾರ್ದು ಅಂತ ಕೋರ್ಟ್ ಬರೆದುಕೊಟ್ಟಿದೆ. ಅವಳಪ್ಪ ತಿಂಗಳಿಗೆ ಎರಡು ಶನಿವಾರ ಅವಳ ಜೊತೆ ಟಿವಿ ನೋಡ್ಬೇಕಲ್ಲ!"

ಉಳಿದದ್ದು ಒಂದೇ ದಾರಿ. ಒಂದು ವಿಷಯವನ್ನು ಇನ್ನೊಮ್ಮೆ ಓದುವುದು, ಹೊಸ ಗ್ರೇಡನ್ನು ರಾಶಿಗೆ ಸೇರಿಸುವುದು. ಜೆರಿ ಬಿ ತೆಗೆದಿದ್ದ ಜೀವಶಾಸ್ತ್ರವನ್ನು ಆರಿಸಿಕೊಂಡಳು. ಹೇಗೂ ಮುಂದಿನ ವರ್ಷ ಅದು ಹಳಸುವುದಿತ್ತು. ಬೇಸಿಗೆಯ ಎಂಟು ವಾರದ ತರಗತಿ, ಅಕ್ಟೋಬರ್ ಒಂದರ ಗಡುವಿಗೆ ಮೊದಲೇ ಗ್ರೇಡ್ ಕೈಗೆ ಬರುತ್ತದೆ. ಎ ಬಂದರೆ ಮೂರು ದಾಟುತ್ತದೆ. ಆ ಕಾಲೇಜಿನಲ್ಲಿ ಪ್ಲಸ್ಸು ಮೈನಸ್ಸುಗಳ ಕನಿಕರವಿಲ್ಲ. ತೊಂಬತ್ತಕ್ಕೆ ಎ, ಅಂದರೆ ನಾಲ್ಕು; ಕೆಳಗೆ ಬಿ, ಅಂದರೆ ಮೂರು.

ಜೂನ್ ಜುಲೈ ಪೂರ್ತಿ ಕ್ಲಿನಿಕ್ಕಿನ ಗೋಡೆಗಳೆಲ್ಲ ಪಾಚಿ, ಜರೀಗಿಡಗಳ ಸಂತಾನದ ಚಿತ್ರಗಳಿಂದ ತುಂಬಿಹೋದವು. ಬಿಸಿನೀರಿನ ತೊಟ್ಟಿಯ ಮೇಲೊಂದು, ಒಗೆಯುವ ಯಂತ್ರದ ಮೇಲೊಂದು. ಮಂಡಿ ಬಗ್ಗಿಸಲು ಬಂದ ಮುದುಕಿಯರೂ ಅವಳಿಂದ ಪಾಠ ಒಪ್ಪಿಸಿಕೊಂಡರು. ಆರನೆಯ ವಾರದವರೆಗೂ ಅವಳು ತೊಂಬತ್ತೊಂದರ ಮೇಲಿದ್ದಳು.

ಏಳನೆಯ ವಾರದ ಕಿರುಪರೀಕ್ಷೆ ಗುರುವಾರ ಸಂಜೆ ಐದರಿಂದ ಆರು. ಕಂಪ್ಯೂಟರಿನಲ್ಲಿ ಬರೆಯಬೇಕು, ಆರು ಹೊಡೆದರೆ ಬಾಗಿಲು ಬಂದ್. ಹತ್ತು ಅಂಕ. ನನ್ನ ಮೇಜಿನ ಕಂಪ್ಯೂಟರನ್ನು ಅವಳಿಗಾಗಿ ಖಾಲಿ ಮಾಡಿ, ಕುರ್ಚಿಯ ಮೇಲೆ ಮೆತ್ತೆಯನ್ನೂ ಹಾಕಿಟ್ಟಿದ್ದೆ.

ಐದಕ್ಕೆ ಎಲ್ವುಡ್ ಸ್ಕಾರ್ಪಿಟಿ ಬಂದ, ಹತ್ತು ನಿಮಿಷದ ಕೆಲಸ ಎಂದುಕೊಂಡೆವು. ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೆಸುಗೆ ಹಾಕಿದವನು. ಮಾರ್ಚಿನಲ್ಲಿ ಪಾರ್ಶ್ವವಾಯು ಎಡಗಡೆಯನ್ನೆಲ್ಲ ಕಸಿದುಕೊಂಡಿತ್ತು, ನಾಲಿಗೆಯನ್ನು ಮಾತ್ರ ಬಿಟ್ಟುಹೋಗಿತ್ತು. ನಾಲ್ಕು ತಿಂಗಳಿಂದ ಗಾಲಿಕುರ್ಚಿಯಲ್ಲೇ ಇದ್ದವನು ಅವತ್ತು ಎರಡು ಕಂಬಿಗಳ ನಡುವೆ ಎದ್ದು ನಿಂತ. ಹೈಡಿ ಒಳಗಿನ ಕೋಣೆಯಲ್ಲಿ ಬೇರೆ ರೋಗಿಯ ಹತ್ತಿರ ಇದ್ದಳು. ಸ್ಕಾರ್ಪಿಟಿ ಬೀಳದಂತೆ ಕಟ್ಟಿದ್ದ ಸೊಂಟದ ಪಟ್ಟಿ ಜೆರಿಯ ಮುಷ್ಟಿಯಲ್ಲಿತ್ತು.

"ಸಾಕು ಎಲ್ವುಡ್, ಕೂತ್ಕೊಳ್ಳಿ. ಇವತ್ತಿಗೆ ಇದೇ ದೊಡ್ಡದು."

"ಕೂರೋಕೆ ನಿಂತ್ನಾ ನಾನು? ಆ ತುದಿಗೆ ಹೋಗ್ತೀನಿ. ಹಿಡ್ಕೋ ಹುಡುಗಿ, ಮಾತಾಡ್ಬೇಡ."

ಒಂದು ಹೆಜ್ಜೆಗೆ ಎರಡು ನಿಮಿಷ. ನಡುವೆ ಬೈಗುಳಕ್ಕೆ ಒಂದು ನಿಮಿಷ. ಐದೂಕಾಲಾಯಿತು, ಐದೂವರೆಯಾಯಿತು. ನಾನು ಮೇಜಿನಿಂದಲೇ ಕೂಗಿದೆ. "ಜೆರಿ! ಪಾಸ್‌ವರ್ಡ್ ಹೇಳೇ, ನಾನೇ ಒತ್ತುತೀನಿ!"

"ನೀನು ಒತ್ತಿದ್ರೆ ಇರೋ ಮಾರ್ಕೂ ಹೋಗುತ್ತೆ. ಕೂತಿರು ಸುಮ್ನೆ."

"ಏನದು ಪಾಸ್‌ವರ್ಡು?" ಎಂದ ಸ್ಕಾರ್ಪಿಟಿ.

"ಏನಿಲ್ಲ. ಎಡಗಾಲು ಎತ್ತಿ. ಎಳೀಬೇಡಿ, ಎತ್ತಿ."

ಆ ತುದಿ ತಲುಪಿದಾಗ ಐದು ಮುಕ್ಕಾಲು. ಅಲ್ಲಿ ಕುರ್ಚಿಯಿರಲಿಲ್ಲ. ಅಲ್ಲಿಯವರೆಗೆ ಯಾವತ್ತೂ ಬೇಕಾಗಿರಲಿಲ್ಲವಲ್ಲ. ನಾನು ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡುವಷ್ಟರಲ್ಲಿ ಅವನ ಮಂಡಿ ಮಡಿಚಿಕೊಂಡಿತು. ಇನ್ನೂರ ಇಪ್ಪತ್ತು ಪೌಂಡಿನ ಬೆಸುಗೆಗಾರ ನಿಧಾನವಾಗಿ ಜೆರಿಯ ತೊಡೆಯ ಮೇಲೆ ಜಾರಿ ನೆಲಕ್ಕಿಳಿದ. ಅವಳು ಅವನ ತಲೆ ತಾಗದಂತೆ ಹಿಡಿದುಕೊಂಡಳು. ಏನೂ ಮುರಿಯಲಿಲ್ಲ. ಹೈಡಿ ಬಂದು, ಮೂವರೂ ಸೇರಿ ಅವನನ್ನೆತ್ತಿ ಕೂರಿಸಿ, ರಕ್ತದೊತ್ತಡ ನೋಡಿ ಮುಗಿಸುವಾಗ ಆರು ಗಂಟೆ ಏಳು ನಿಮಿಷ. ಸ್ಕಾರ್ಪಿಟಿ ಅಳುತ್ತಿದ್ದ. "ನಡೆದೆ ಕಣೇ," ಎಂದ. "ಹೌದು, ನಡೆದ್ರಿ," ಎಂದಳು ಜೆರಿ. ಬೆವರಿನಿಂದ ಅವಳ ಅಂಗಿ ಬೆನ್ನಿಗೆ ಅಂಟಿತ್ತು.

ಪ್ರೊಫೆಸರರಿಗೆ ಪತ್ರ ಬರೆದಳು. ತಪ್ಪಿದ ಪರೀಕ್ಷೆಗೆ ಮತ್ತೊಂದು ಅವಕಾಶವಿಲ್ಲ ಎಂದು ಪಠ್ಯಕ್ರಮದ ಮೊದಲ ಪುಟದಲ್ಲೇ ಬರೆದಿದೆ, ವಿಷಾದ, ಎಂದು ಎರಡು ಸಾಲಿನ ಉತ್ತರ ಬಂತು. ಕೊನೆಯ ಪರೀಕ್ಷೆ ಅವಳು ಚೆನ್ನಾಗಿಯೇ ಬರೆದಳು. ಒಟ್ಟು ಐನೂರಕ್ಕೆ ನಾನೂರ ನಲವತ್ತೇಳು, ಎಂದರೆ ಎಂಬತ್ತೊಂಬತ್ತು ಪಾಯಿಂಟ್ ನಾಲ್ಕು. ಬಿ. ಆ ಗುರುವಾರ ಹತ್ತಕ್ಕೆ ಮೂರು ಬಂದಿದ್ದರೆ ಸಾಕಿತ್ತು. ಬಹುಶಃ ನಾನು ಒತ್ತಿದ್ದರೂ ಮೂರು ಬರುತ್ತಿತ್ತು.

ಹೈಡಿ ಮತ್ತೆ ಲೆಕ್ಕ ಹಾಕಿದಳು. ಎಂಟು ವಾರ, ನಾನೂರ ನಲವತ್ತೇಳು ಅಂಕ, ಗೋಡೆ ತುಂಬ ಜರೀಗಿಡ ಎಲ್ಲವನ್ನೂ ಸೇರಿಸಿ ಭಾಗಿಸಿದರೆ ಬಂದದ್ದು ಎರಡು ಪಾಯಿಂಟ್ ಒಂಬತ್ತು ಎಂಟು. ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಇಂಥ ಸ್ಥಿತಪ್ರಜ್ಞ ಸಂಖ್ಯೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೂ ಜೆರಿ ಅರ್ಜಿ ಹಾಕಿದಳು. ಹೈಡಿ ಮೂರು ಪುಟದ ಶಿಫಾರಸು ಬರೆದಳು. ಅದನ್ನು ಯಾರೂ ಓದಿರಲಾರರು, ಏಕೆಂದರೆ ತಿರಸ್ಕಾರದ ಉತ್ತರ ಬರಲು ಒಂದು ಮಧ್ಯಾಹ್ನವೂ ಹಿಡಿಯಲಿಲ್ಲ.

"ಇನ್ನೊಂದು ವಿಷಯ ತಗೋ, ಮುಂದಿನ ವರ್ಷ ಹಾಕಿದ್ರಾಯ್ತು," ಎಂದಳು ಹೈಡಿ.

"ಮುಂದಿನ ವರ್ಷ ರಸಾಯನ ಹಳಸುತ್ತೆ. ಅದರ ಮುಂದಿನ ವರ್ಷ ಅಂಗರಚನೆ. ಈ ಕಡೆಯಿಂದ ಕಟ್ಟುತಾ ಹೋದ್ರೆ ಆ ಕಡೆಯಿಂದ ಬೀಳುತಾ ಬರುತ್ತೆ." ಜೆರಿ ಟವೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ. "ನನಗೆ ಮೂವತ್ತಾರು, ಹೈಡಿ. ಬೇಡ. ನಿಜವಾಗ್ಲೂ ಬೇಡ."

ನಾವಿಬ್ಬರೂ ಅವಳನ್ನು ಒಪ್ಪಿಸಲು ಒಂದು ವಾರ ಹೆಣಗಿದೆವು. ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಗ್ರಂಥಾಲಯಕ್ಕೆ ಕೊಟ್ಟುಬಂದಳು.

ಅಕ್ಟೋಬರ್ ಕೊನೆಯಲ್ಲಿ ಸ್ಕಾರ್ಪಿಟಿಯ ಚಿಕಿತ್ಸೆ ಮುಗಿಯಿತು. ಕೋಲೂರಿಕೊಂಡು, ಕಾಲೆಳೆಯದೆ, ಬಾಗಿಲಿನಿಂದ ನನ್ನ ಮೇಜಿನವರೆಗೆ ತಾನೇ ನಡೆದು ಬಂದ. ಹೆಂಡತಿ ಮಾಡಿದ ಸೋಂಪಿನ ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿತ್ತು.

"ನೀನಿನ್ನೂ ಇಲ್ಲೇ ಇದೀಯಲ್ಲ!" ಎಂದ ಜೆರಿಗೆ. "ಡಾಕ್ಟರ್ ಆಗೋಕೆ ಶಾಲೆಗೆ ಹೋಗ್ತೀನಿ ಅಂತಿದ್ದೆ. ಏನಾಯ್ತು, ಸೋಮಾರಿ?"

ನನ್ನ ಬಾಯಿ ತಾನಾಗಿಯೇ ತೆರೆಯಿತು. ಜೆರಿ ನನ್ನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ. ನಾನು ಬಾಯಿಗೆ ಬಿಸ್ಕತ್ತು ತುರುಕಿಕೊಂಡೆ.

"ಸೋಮಾರಿತನವೇ ಎಲ್ವುಡ್. ಯಾರು ಓದ್ತಾರೆ ಅಷ್ಟೊಂದು?"

"ಅದೇ ಅಂದ್ಕೊಂಡೆ. ಈಗಿನೋರಿಗೆ ಛಲವೇ ಇಲ್ಲ," ಎಂದು ಅವನು ಕೋಲನ್ನು ನೆಲಕ್ಕೆ ಕುಟ್ಟಿ ಹೊರಟ.

ಅವನ ಎಡಗಾಲಿನ ಷೂಸಿನ ಲೇಸು ಬಿಚ್ಚಿಹೋಗಿತ್ತು. ಜೆರಿ ಹಿಂದೆಯೇ ಹೋಗಿ ಬಗ್ಗಿ ಎರಡು ಗಂಟು ಹಾಕಿ ಕಟ್ಟಿದಳು. ಅವನು ಮೆಟ್ಟಿಲಿಳಿದು ಕಾರು ಸೇರುವವರೆಗೂ ಬಾಗಿಲನ್ನು ಭುಜದಿಂದ ತೆರೆದು ಹಿಡಿದಿದ್ದಳು. ಆಮೇಲೆ ಒಳಗೆ ಬಂದು, ಬೆಂಚಿನ ಮೇಲೆ ಕಾಯುತ್ತಿದ್ದ ಸೊಂಟ ಮುರಿದ ಹೆಂಗಸಿನ ಹೆಸರು ಕರೆದಳು.