ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಹಾಗೆ ಹುಟ್ಟಿದವರ ಪಾದಕ್ಕೆ ಭಾರಿ ಬೆಲೆ. ಬೆನ್ನೋ ಸೊಂಟವೋ ಉಳುಕಿದವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಹೊಸ್ತಿಲ ಬಳಿ ಬೋರಲು ಮಲಗುತ್ತಾರೆ. ನಾವು ಹಿಮ್ಮಡಿಯಿಂದ ನೋವಿನ ಜಾಗವನ್ನು ಮೂರು ಸಲ ತುಳಿಯಬೇಕು. ತವರೂರು ಬಿಳಿಚೋಡಿನಲ್ಲಿ ನಾನು ಲಂಗ ಎತ್ತಿ ಕಟ್ಟಿಕೊಂಡು ಕುರಿ ಕಾಯುವವರಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರ ಬೆನ್ನ ಮೇಲೂ ಹತ್ತಿದ್ದೇನೆ. ಮೇಷ್ಟ್ರನ್ನು ಮಾತ್ರ ಸ್ವಲ್ಪ ಜೋರಾಗಿಯೇ ತುಳಿದಿದ್ದೆ, ಲೆಕ್ಕದ ಪಾಠದ ಸೇಡಿಗೆ.

ಮದುವೆಯಾಗಿ ಹೊನ್ನಾಳಿಗೆ ಬಂದಾಗ ಅತ್ತೆ ನನ್ನ ಒಡವೆಯ ಸುದ್ದಿಗಿಂತ ಮೊದಲು ನನ್ನ ಕಾಲಿನ ಸುದ್ದಿಯನ್ನೇ ಬೀದಿಗೆಲ್ಲ ಹಂಚಿದರು. ಅವರದು ದೊಡ್ಡ ಮನಸ್ಸು, ಅದಕ್ಕಿಂತ ದೊಡ್ಡ ಗಂಟಲು. ನನ್ನ ಪಾದ ಬಂದ ಮೇಲೆ ನಮ್ಮ ಪಡಸಾಲೆ ಬೆಳಗಿನ ಹೊತ್ತು ಖಾಲಿ ಇದ್ದದ್ದೇ ಕಡಿಮೆ.

ಅಂಥ ನನಗೇ ನೋವು ಶುರುವಾಯಿತು. ಮೊದಲು ಹೆಗಲು, ಆಮೇಲೆ ಸೊಂಟ, ಮೊಣಕೈ. ಕೊನೆಕೊನೆಗೆ ನೋಯದ ಜಾಗ ಎಲ್ಲಿದೆ ಎಂದು ಹುಡುಕುವ ಹಾಗಾಯಿತು. ಮಲಗಿ ಎದ್ದರೂ ರಾತ್ರಿಯಿಡೀ ಮೂಟೆ ಹೊತ್ತವಳ ಹಾಗೆ ಸುಸ್ತು. ಒಲೆಯ ಮುಂದೆ ನಿಂತು, ಯಾಕೆ ನಿಂತಿದ್ದೇನೆ ಎಂಬುದೇ ಮರೆಯುತ್ತಿತ್ತು. ಕೈಯ ಬಳೆಯೂ ಭಾರವೆನಿಸಿ ತೆಗೆದಿಟ್ಟೆ. ನೋಡಿದರೆ ಬಾವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. ಆ ಖುಷಿಗೆ ಯಜಮಾನರು ಪೇಡೆ ತಂದರು. ಪೇಡೆ ಬಾಯಲ್ಲಿಟ್ಟುಕೊಂಡೇ ನಾನು ಬಿಕ್ಕುತ್ತಿದ್ದೆ. ಏನಾದರೂ ಒಂದು ಕಾಯಿಲೆ ಸಿಗಲಪ್ಪಾ ಎಂದು ಒಳಗೊಳಗೇ ದೇವರನ್ನು ಬೇಡಿಕೊಂಡಿದ್ದೆ ಎಂಬುದು ಗೊತ್ತಾಗಿ ನನಗೇ ಗಾಬರಿಯಾಯಿತು.

"ಊರ ಬೆನ್ನೆಲ್ಲಾ ಸರಿ ಮಾಡೋಳಿಗೆ ಬೆನ್ನುನೋವಂತೆ!" ಎಂದು ಪಕ್ಕದ ಮನೆಯವರು ನಕ್ಕರು. ಅತ್ತೆ ನಗಲಿಲ್ಲ. "ಮೈ ಬಗ್ಗಿಸಿದ್ರೆ ಎಲ್ಲಾ ಹೋಗ್ತೈತೆ, ಕುಂತಷ್ಟೂ ನೋವು ಜಾಸ್ತಿ" ಎಂದರು. ನಕ್ಕಿದ್ದರೇ ವಾಸಿಯಿತ್ತು.

ಕೊನೆಗೆ ದಾವಣಗೆರೆಯ ಒಬ್ಬ ಡಾಕ್ಟರಮ್ಮ ಮೈಯನ್ನು ಅಲ್ಲಲ್ಲಿ ಬೆರಳಿನಿಂದ ಒತ್ತಿ ನೋಡಿ, ನಿದ್ದೆಯ ಬಗ್ಗೆ ಕೇಳಿ, ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿ ಹಾಕಿ, ಫೈಬ್ರೊಮಯಾಲ್ಜಿಯ ಎಂಬ ಹೆಸರು ಹೇಳಿದರು. "ನಿಮ್ಮ ನೋವು ನಿಜ. ಎಲುಬು, ಕೀಲು ಕೆಟ್ಟಿಲ್ಲ. ನರ, ಮಿದುಳು ನೋವಿನ ಸುದ್ದೀನ ಇರೋದಕ್ಕಿಂತ ಜೋರಾಗಿ ಮುಟ್ಟಿಸ್ತಿವೆ ಅಷ್ಟೇ. ಪೂರ್ತಿ ವಾಸಿ ಆಗುತ್ತೆ ಅಂತ ಮಾತು ಕೊಡಲ್ಲ, ಹತೋಟೀಲಿ ಇಟ್ಕೊಳ್ಳಬಹುದು." ದಿನಾ ನಿಧಾನವಾಗಿ ನಡೆಯಬೇಕು, ನಿದ್ದೆ ಕೆಡಿಸಿಕೊಳ್ಳಬಾರದು ಎಂದು ಹೇಳಿ ಮಾತ್ರೆ ಬರೆದರು. ಮನೆಯವರು ನಂಬುವುದು ಬಹಳ ಮುಖ್ಯ ಎಂದೂ ಹೇಳಿದರು. ಮಾತ್ರೆಯೇನೋ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು.

"ಹೆಸರೇ ಬಾಯಾಗೆ ನಿಲ್ಲಲ್ಲ, ಇದೆಂಥಾ ಕಾಯಿಲೆ?" ಎಂದು ಅತ್ತೆ ಅಡುಗೆಮನೆಗೆ ನಡೆದರು. ಆದರೆ ಸುಮ್ಮನೆ ಕೂರುವ ಜೀವವಲ್ಲ ಅದು. ನನ್ನ ಬೆನ್ನನ್ನು ನಾನೇ ತುಳಿದುಕೊಳ್ಳಲಾಗದು, ಆದ್ದರಿಂದ ನನಗೆ ಬೇರೆಯವರ ಪಾದ ಬೇಕು ಎಂದು ಅವರಿಗೆ ಹೊಳೆದಿತ್ತು. ಒಂದು ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ನ್ಯಾಮತಿಯಿಂದ ಕರೆಸಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಕೂತಿದ್ದಳು. ಅವಳೂ ನನ್ನ ಹಾಗೆ ಕಾಲು ಮುಂದಾಗಿ ಹುಟ್ಟಿದವಳೇ.

"ಬ್ಯಾಡ್ರೀ ಅತ್ತೆ, ಡಾಕ್ಟರು ಹೇಳಿದ್ದು..."

"ಡಾಕ್ಟರೇನು ಕಾಲು ಮುಂದಾಗಿ ಹುಟ್ಯಾರೇನು? ಮಲಕ್ಕೋ. ಮೂರೇ ಮೂರು ಸಲ."

ಅವರ ದನಿಯಲ್ಲಿ ಬರೀ ಹಟವಿದ್ದಿದ್ದರೆ ಜಗಳವಾಡುತ್ತಿದ್ದೆ. ಅಕ್ಕರೆಯೂ ಇತ್ತು, ಸೋತುಬಿಟ್ಟೆ. ಇಷ್ಟು ಜನರನ್ನು ತುಳಿದವಳು ನಾನು, ಒಮ್ಮೆಯೂ ಕೆಳಗೆ ಮಲಗಿದವಳಲ್ಲ. ನೆಲದಿಂದ ನೋಡಿದರೆ ಹಿಮ್ಮಡಿ ಎಷ್ಟು ದೊಡ್ಡದು!

ಅದು ಸೊಂಟದ ಮೇಲೆ ಬಿತ್ತು. ಅಲ್ಲಿಂದ ಹೊರಟ ಉರಿ ಹಲ್ಲಿನವರೆಗೂ ಹರಿಯಿತು. ನಾನು ಕಿರುಚಿದ್ದಕ್ಕೆ ಬೀದಿಯಲ್ಲಿದ್ದವರು ಬಾಗಿಲಿಗೆ ಓಡಿ ಬಂದರು. "ಪೂರ್ತಿ ಭಾರ ಬಿಟ್ಟು ತುಳಿಯೋದಾ? ಸಾಯಿಸ್ತೀಯೇನು?" ಎಂದು ಕೂಗಾಡಿದೆ.

ಆ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ನಾನಿನ್ನೂ ತುಳಿದೇ ಇಲ್ರೀ. ಜಾಗ ನೋಡಾಕೆ ಅಂತ ಬರೀ ಕಾಲು ಸೋಕಿಸಿದ್ದೆ. ಅಮ್ಮಾರೆ, ನೀವೇ ನೋಡಿದ್ರಲ್ಲ?"

ಬರೀ ಸೋಕಿದ್ದಕ್ಕೆ ಇಷ್ಟು ನೋವೇ? ನನ್ನ ಮೈ ನನಗೇ ಹೆದರಿಕೆ ಹುಟ್ಟಿಸಿತು. ಅತ್ತೆಯ ಕಡೆ ತಿರುಗಿದೆ. ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ನೋಡಿದ್ದರು. ನನ್ನನ್ನು ಎಬ್ಬಿಸಲು ಕೈ ಚಾಚಿದವರು, ಬೆಂಕಿ ಕಂಡವರ ಹಾಗೆ ಹಿಂದಕ್ಕೆಳೆದುಕೊಂಡರು.

"ಇಷ್ಟು ನೋವು ಇಟ್ಕೊಂಡು ದಿನಾ ರೊಟ್ಟಿ ಬಡೀತಿದ್ದೆಯೇನೇ?" ಎಂದರು ಆಮೇಲೆ. ನಾನು ಅದನ್ನೇ ಎಷ್ಟು ಸಲ ಹೇಳಿದ್ದೆ! ಸಿಟ್ಟೂ ಬಂತು, ಅಳುವೂ ಬಂತು. ಆ ದಿನ ರೊಟ್ಟಿಯನ್ನು ಅವರೇ ಬಡಿದರು.

ಕೆಲವು ದಿನಗಳ ಮೇಲೆ ಚನ್ನಗಿರಿ ಕಡೆಯ ತ್ಯಾವಣಿಗೆಯಿಂದ ಒಬ್ಬ ಗಂಡಸು ಹೆಂಡತಿಯನ್ನು ಕರೆದುಕೊಂಡು ಬಂದ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. "ಟೆಸ್ಟೆಲ್ಲಾ ನಾರ್ಮಲ್ ಐತ್ರೀ. ಆದ್ರೂ ಮೈಯೆಲ್ಲಾ ನೋವು ಅಂತಾಳೆ. ಚೆನ್ನಾಗಿ ತುಳೀರಿ, ನಾಟಕ ಬಿಡ್ಲಿ" ಎಂದ. ಅವಳು ಯಾರ ಮುಖವನ್ನೂ ನೋಡದೆ, ರೂಢಿಯಾದವಳ ಹಾಗೆ, ಹೊಸ್ತಿಲ ಬಳಿ ಮಲಗಲು ಮಂಡಿಯೂರಿದಳು. ಎಷ್ಟು ಕಡೆ ತುಳಿಸಿಕೊಂಡು ಬಂದಿದ್ದಳೋ. ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡ್ಡ ಬಂದು ನಿಂತರು.

"ಈ ಮನ್ಯಾಗೆ ಇನ್ಮೇಲೆ ಯಾರನ್ನೂ ತುಳಿಯಲ್ಲಪ್ಪ. ದಾವಣಗೆರೇಲಿ ಒಬ್ರು ಡಾಕ್ಟರು ಅದಾರೆ, ಅಲ್ಲಿಗೆ ಕರ್ಕೊಂಡು ಹೋಗು. ಆಕಿ ನಾಟಕ ಮಾಡ್ತಿಲ್ಲ."

ಆಮೇಲೆ ಆ ಹುಡುಗಿಯನ್ನು ಎಬ್ಬಿಸಲು ಬಗ್ಗಿದರು. ಚಾಚಿದ ಕೈ ಅರ್ಧದಲ್ಲೇ ನಿಂತಿತು.

"ಮುಟ್ಟಿದ್ರೆ ನೋಯ್ತೈತೇನವ್ವಾ?" ಎಂದು ಕೇಳಿದರು.

ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಹೌದು ಎಂದು ತಲೆಯಾಡಿಸಿ, ಗಂಡನ ಎದುರಿಗೇ ಜೋರಾಗಿ ಅಳತೊಡಗಿದಳು.