ಅಣ್ಣ ಹೊಳೆ ಎಂದ ಚಿತ್ರ

ನಿನ್ನೆ ಚಟ್ನಿಗೆಂದು ಅಗಸಿ ಹುರಿಯಲು ಇಟ್ಟಿದ್ದೆ. ಕಾಳು ಚಿಟಪಟ ಎಂದು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ನಿಮಗೆ ಅಗಸಿ ಎಂದರೆ ಬಿಸಿ ರೊಟ್ಟಿ ನೆನಪಾಗಬಹುದು. ನನಗೆ ಅಣ್ಣ ನೆನಪಾಗುತ್ತಾನೆ. ಅವನು ಚಿತ್ರದ ಬಣ್ಣ ಕಲಸುತ್ತಿದ್ದುದು ಅಗಸಿ ಎಣ್ಣೆಯಲ್ಲಿ. ಅವನ ಅಂಗಿಗೂ ಹಾಸಿಗೆಗೂ, ಅವನು ಸುಲಿದುಕೊಟ್ಟ ಬಾಳೆಹಣ್ಣಿಗೂ ಅದೇ ವಾಸನೆ. ಹೀಗೆ ಯೋಚಿಸುತ್ತಿರುವಾಗ ಅಗಸಿ ಸೀದುಹೋಯಿತೆಂದು ಬೇರೆ ಹೇಳಬೇಕಿಲ್ಲ. ಅಡುಗೆಯಲ್ಲಿ ನನ್ನ ಕೈ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಈ ಸಲ ಒಂದು ನೆಪವಾದರೂ ಸಿಕ್ಕಿತು.

ಅಣ್ಣ ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಮದುವೆಯಾಗಲಿಲ್ಲ. ನಿವೃತ್ತನಾದ ಮೇಲೆ ಚಿತ್ರಗಳನ್ನು ಹಳೆಯ ಧೋತರಗಳಲ್ಲಿ ಸುತ್ತಿಕೊಂಡು ಬೆಟಗೇರಿಯ ನನ್ನ ಮನೆಗೆ ಬಂದ. ಆಗಲೇ ಅವನ ಕಣ್ಣು ಮಬ್ಬಾಗತೊಡಗಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ದವಾಖಾನೆಯಿಂದ ಹೊರಬಂದು ಅಣ್ಣ ಕೇಳಿದ್ದು ಇಷ್ಟೇ: “ಇವತ್ತ ಬಿಸಲು ಹೆಂಗ ಬಿದ್ದೈತಿ, ಹೇಳು.”

“ಬಿಸಲು ಬಿಸಲಿನಂಗ ಐತಿ,” ಎಂದೆ.

“ಅಯ್ಯ, ಇಷ್ಟ ನೋಡಾಕ ನಿನಗ ಎರಡು ಕಣ್ಣು ಯಾಕ ಬೇಕು!” ಎಂದು ನಕ್ಕ. ಖರೆ ಹೇಳಬೇಕೆಂದರೆ, ನನಗೆ ಬರುತ್ತಿದ್ದ ಚಿತ್ರವೆಂದರೆ ರಂಗೋಲಿ, ಅದರಲ್ಲೂ ಚುಕ್ಕಿ ತಪ್ಪುತ್ತಿತ್ತು.

ಗದಗಿನ ಹೊರಗೆ ಗುಡ್ಡದ ಮಗ್ಗುಲಿಗೆ ವಿಶ್ವವಿದ್ಯಾಲಯವೊಂದಿದೆ. ಅಲ್ಲಿನ ಗ್ಯಾಲರಿಯನ್ನು ನೋಡಿಕೊಳ್ಳುವವಳು ಶಶಿಕಲಾ, ಅಣ್ಣನ ಹಳೆಯ ವಿದ್ಯಾರ್ಥಿನಿ. ಮಾಸ್ತರರ ಚಿತ್ರಗಳದ್ದೇ ಒಂದು ಪ್ರದರ್ಶನ ಆಗಬೇಕೆಂದು ಹಟ ಹಿಡಿದಳು. ಅಣ್ಣ ಒಪ್ಪಿದ. ನನಗೆ ಮಾತ್ರ ತಾಕೀತು ಮಾಡಿದ: “ನನಗ ಕಾಣಂಗಿಲ್ಲ ಅಂತ ಯಾರ ಮುಂದೂ ಹೇಳಬ್ಯಾಡ. ಹೇಳಿದ್ರ ಕುರುಡನ್ನ ನೋಡಾಕ ಬರ್ತಾರ. ಚಿತ್ರ ನೋಡಂಗಿಲ್ಲ.”

ಹಿಂದಿನ ದಿನವೇ ಹೋಗಿ ಗೋಡೆಗುಂಟ ಅವನನ್ನು ನಡೆಸಿದೆ. ಬಾಗಿಲ ಪಕ್ಕ ಕೊರ್ಲಹಳ್ಳಿಯ ತುಂಗಭದ್ರೆ, ಕಂಬ ದಾಟಿದರೆ ಶಿರಹಟ್ಟಿ ಕಡೆಯ ಎರೆಹೊಲ, ಒಳಗೋಡೆಯ ಮೇಲೆ ನಮ್ಮವ್ವ. ಚೌಕಟ್ಟುಗಳನ್ನು ಬೆರಳಿನಿಂದ ಸವರಿ ಸವರಿ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡ. ಮರುದಿನ ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ನೆಟ್ಟಗೆ ನಡೆದು ಒಳಗೆ ಹೋದಾಗ, ಅವನಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದೆಂದು ಯಾರೂ ಊಹಿಸುವಂತಿರಲಿಲ್ಲ.

ಆದರೆ ಬೆಳಿಗ್ಗೆ ಒಂದು ಬದಲಾವಣೆಯಾಗಿತ್ತು. ಉದ್ಘಾಟನೆಯ ದೀಪದ ಕಂಬ ಹೊಳೆಯ ದೊಡ್ಡ ಚಿತ್ರಕ್ಕೆ ಅಡ್ಡ ಬರುತ್ತದೆಂದು ಶಶಿಕಲಾ ಆ ಚಿತ್ರವನ್ನು ಒಳಗೋಡೆಗೆ ಸರಿಸಿ, ಅವ್ವನ ಚಿತ್ರವನ್ನು ಬಾಗಿಲ ಬಳಿ ತೂಗುಹಾಕಿದ್ದಳು. ಅವಳಿಗೆ ಏನು ಗೊತ್ತು ಪಾಪ! ನಾನು ಹಾರ ತುರಾಯಿಗಳ ಗದ್ದಲ ದಾಟಿ ಅಣ್ಣನ ಹತ್ತಿರ ಬರುವಷ್ಟರಲ್ಲಿ ಅವನು ಮಾತು ಶುರು ಮಾಡಿಬಿಟ್ಟಿದ್ದ. ಸುತ್ತ ಹುಡುಗ ಹುಡುಗಿಯರು ನೆರೆದಿದ್ದರು.

“ಇಲ್ಲಿ ನೋಡ್ರಿ. ಬ್ಯಾಸಗಿ ಹೊಳಿ ಇದು. ಮೈಯೆಲ್ಲಾ ಒಣಗೇತಿ. ಆದ್ರೂ ನಡುವ ಒಂದೆಳಿ ನೀರು ಉಳದೈತಿ ನೋಡ್ರಿ, ಅದು ಬತ್ತಂಗಿಲ್ಲ. ಆ ಒಂದೆಳಿ ಬರಿಯಾಕ ನನಗ ಭಾಳ ದಿನ ಹಿಡಿತು.”

ಅವನ ಬೆರಳು ತೋರಿಸುತ್ತಿದ್ದುದು ಅವ್ವನ ಸುಕ್ಕುಗಟ್ಟಿದ ಕೆನ್ನೆಯನ್ನು. ಮಕ್ಕಳು ಮಾತ್ರ ತಲೆದೂಗುತ್ತಿದ್ದರು. ಒಬ್ಬ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಅಂದಳು: “ಸರ್, ತಾಯಿನ್ನ ಹೊಳಿ ಅಂದ್ರಲ್ಲ, ಎದಿಗೆ ನಟ್ಟಿತ್ರಿ.”

ಅಣ್ಣನ ಕೈ ಗಾಳಿಯಲ್ಲಿ ತಡಕಾಡಿ ನನ್ನ ರಟ್ಟೆ ಹಿಡಿಯಿತು. ಹೌದವ್ವಾ ಎಂದು ನಕ್ಕಿದ್ದರೆ ಮುಗಿದುಹೋಗುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವನು ಹಾಗೆ ಮಾಡಲಿಲ್ಲ.

“ಇಲ್ಲ ತಂಗಿ. ನಾ ಹೊಳಿ ಬಗ್ಗೇನ ಹೇಳಾಕ ಹತ್ತಿದ್ದೆ. ಇದು ನಮ್ಮವ್ವ ಅಂತ ನನಗ ಗೊತ್ತಾಗಲಿಲ್ಲ. ನನಗ ಕಣ್ಣು ಕಾಣಂಗಿಲ್ಲ.”

ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನೇ ಮತ್ತೆ ಆ ಹುಡುಗಿಯನ್ನು ಕೇಳಿದ: “ಈಗ ನೀ ಹೇಳವಾ, ನಮ್ಮವ್ವ ಹೆಂಗ ಕಾಣ್ತಾಳ?”

“ಸ್ವಲ್ಪ... ಸಿಟ್ಟಿಗೆದ್ದಾಂಗ ಕಾಣ್ತಾರ್ರೀ.”

“ಬರೋಬ್ಬರಿ ನೋಡಿದಿ. ನಮ್ಮೂರು ಅಸುಂಡ್ಯಾಗ ರೊಟ್ಟಿ ಬಡಿಯೂದು ಬಿಡಿಸಿ ಕುಂಡ್ರಿಸಿದ್ದೆ. ‘ನನ್ನ ಮಾರಿ ಏನ್ ಬರಿತೀಯೋ, ಹಂಚು ಕಾದೈತಿ’ ಅಂತ ಬೈಕೋತನ ಕುಂತಿದ್ಲು.”

ಮಕ್ಕಳು ನಕ್ಕರು. ಅವನೂ ನಕ್ಕ. ನನ್ನ ರಟ್ಟೆಯನ್ನು ಮಾತ್ರ ಬಿಡಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮರುದಿನ ಜನ ದಂಡುಗಟ್ಟಿ ಬಂದರು. ಅಣ್ಣನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಒಬ್ಬರು ಅವನ ಮುಖದ ಮುಂದೆ ಕೈಯಾಡಿಸಿಯೂ ನೋಡಿದರು. ಗೋಡೆಯ ಕಡೆಗೆ ಮುಖ ಮಾಡಿದವರು ಕಡಿಮೆ. ಸಂಜೆ ಅಣ್ಣ, “ಮನಿಗೆ ಹೋಗೂಣು ನಡಿ. ನಾಳೆ ನಾ ಬರಂಗಿಲ್ಲ,” ಎಂದ. ಆಟೋ ಬೆಟಗೇರಿಗೆ ಬಂದು ಮಗ್ಗದ ಸದ್ದು ಕೇಳುವಷ್ಟರಲ್ಲಿ ಮೆಲ್ಲಗೆ ಹೇಳಿದ: “ಜನರ ಮಾತು ಬಿಡು. ಅವ್ವ ಕೈಯಳತ್ಯಾಗ ಇದ್ಲು. ನನಗ ತಿಳಿಬೇಕಿತ್ತು.”

ತಡವರಿಸಿಯಾದರೂ ಹಿಡಿಯುತ್ತಿದ್ದ ಕುಂಚವನ್ನು ಆಮೇಲೆ ಅವನು ಮುಟ್ಟಲಿಲ್ಲ. ಬಣ್ಣದ ಟ್ಯೂಬುಗಳು ಒಳಗೊಳಗೇ ಗಟ್ಟಿಯಾದವು. ಹೋದ ವರ್ಷ ಅಣ್ಣ ತೀರಿಕೊಂಡ.

ಮೊನ್ನೆ ಅದೇ ಗ್ಯಾಲರಿಯಲ್ಲಿ ಈ ಭಾಗದ ಕಲಾವಿದರ ಪ್ರದರ್ಶನವಿತ್ತು. ಅವ್ವನ ಚಿತ್ರ ಕಳಿಸಿಕೊಟ್ಟಿದ್ದೆ. “ಸರ್ ಕಣ್ಣಿನ ವಿಚಾರ ಚಿತ್ರದ ಕೆಳಗ ಬರೀಲೇನ್ರೀ?” ಎಂದು ಶಶಿಕಲಾ ಫೋನಿನಲ್ಲಿ ಕೇಳಿದಳು. “ಬ್ಯಾಡವಾ, ಹೆಸರಷ್ಟ ಇರಲಿ,” ಎಂದೆ. ಹೋಗಿ ಮೂಲೆಯಲ್ಲಿ ಕುಳಿತೆ. ಇಬ್ಬರು ಹುಡುಗಿಯರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. “ಈ ಅಜ್ಜಿ ಈಗ ಬೈತಾಳ ನೋಡಲೇ,” ಎಂದಳು ಒಬ್ಬಳು. “ಇಲ್ಲ, ಏನೋ ನುಂಗಿಕೊಂಡಾಳ,” ಎಂದಳು ಇನ್ನೊಬ್ಬಳು. ಬರೆದವನು ಯಾರು, ಏನಾದ ಎಂದು ಅವರು ಕೇಳಲಿಲ್ಲ. ಅವ್ವನನ್ನಷ್ಟೇ ನೋಡಿದರು.

ಅವರು ಹೋದ ಮೇಲೆ ನಾನು ಎದ್ದು ಹೋಗಿ ನಿಂತೆ. ಅಂದು ಅಣ್ಣ ಎಡವದಿರಲೆಂದು ಅವನ ಕಾಲ ಬುಡವನ್ನೇ ನೋಡಿದವಳು ನಾನು. ಗೋಡೆಯ ಮೇಲಿನದನ್ನು ಕಣ್ಣಿಟ್ಟು ನೋಡಿರಲಿಲ್ಲ. ಅವ್ವನ ಕೆಳದುಟಿ ಒಂದಿಷ್ಟೇ ಒಳಗೆ ಸರಿದಿತ್ತು. ಹುಬ್ಬು ಗಂಟಿಕ್ಕಿದರೂ ಕಣ್ಣಿನ ಅಂಚು ಸಡಿಲವಾಗಿತ್ತು. ಅವ್ವ ಸಿಟ್ಟಿಗೆದ್ದಿರಲಿಲ್ಲ. ಮಗನ ಎದುರು ನಗು ತಡೆದುಕೊಂಡು ಕುಳಿತಿದ್ದಳು. ಅಣ್ಣ ಅದನ್ನು ಬರೆದಿದ್ದ. ಸಿಟ್ಟೆಂದು ಅವನೇ ಒಪ್ಪಿದ್ದನಲ್ಲ, ಬರೆದದ್ದು ಅವನಿಗೂ ತಿಳಿದಿರಲಿಲ್ಲ. ಜಲ್ದಿ ಮನೆಗೆ ಹೋಗಿ ಅಣ್ಣನಿಗೆ ಹೇಳಬೇಕೆನ್ನಿಸಿತು.

ಬಸ್ಸು ಹತ್ತಿ, ಮೊದಲಿನ ರೂಢಿಯಂತೆ ಅಣ್ಣನಿಗೆ ಗಾಳಿ ಬೇಕೆಂದು ಕಿಟಕಿಯ ಸೀಟು ಬಿಟ್ಟು ಈಚೆ ಕುಳಿತೆ. ಕಂಡಕ್ಟರ್ ಬಂದು, “ಅಲ್ಲಿ ಯಾರರ ಬರಾವ್ರ ಅದಾರೇನ್ರೀ?” ಎಂದ.

“ಇಲ್ಲಪ್ಪಾ,” ಎಂದು ಒಳಗೆ ಸರಿದು ಕುಳಿತೆ.